ರಾಮನ್ ಹೊಡೆದ ಆ ಗೋಲು: ಬೆಂಗಳೂರು ಮರೆತ ಫುಟ್‌ಬಾಲ್ ಒಲಿಂಪಿಯನ್ನರ ಒಂದು ಪ್ರಕರಣ

1948ರ ಜುಲೈ 31. ಲಂಡನ್ ಪಕ್ಕದ ಇಲ್ಫರ್ಡ್ ಮೈದಾನ. ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯ. ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟೇ ಇಲ್ಲ. ಮೊದಲ ಅರ್ಧದಲ್ಲೇ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಕೈ ತಪ್ಪಿತು. ಸುಮಾರು 70ನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿ 1-1 ಮಾಡಿದರು. ಪಂದ್ಯ ಮುಗಿಯೋಕೆ ಒಂದು ನಿಮಿಷ ಇರುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ಕ್ಕೆ ಗೆದ್ದುಬಿಟ್ಟಿತು.

ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಹೊಡೆದವರು ನಮ್ಮ ಬೆಂಗಳೂರಿನವರು.

ಇದನ್ನು ಓದುತ್ತಿರುವವರಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತಿತ್ತು? ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ. ಯಾರೂ ಹೇಳಲಿಲ್ಲ, ಅಷ್ಟೇ. ಒಂದು ಊರು ತನ್ನ ಇಷ್ಟು ದೊಡ್ಡ ಆಟಗಾರರನ್ನು ಹೇಗೆ ಮರೆಯುತ್ತೆ, ಮರೆತದ್ದನ್ನು ಇವತ್ತಿನ ಹುಡುಗರಿಗೆ ಉಪಯೋಗ ಆಗೋ ಹಾಗೆ ಹೇಗೆ ನೆನಪಿಸಬೇಕು, ಇದೇ ನಾನು ಬಿಡಿಸಿ ನೋಡೋಕೆ ಹೊರಟಿರುವ ಪ್ರಕರಣ. ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ಒಂದು ಸಣ್ಣ ಗುಂಪಿನ ಜೊತೆ ನಾನು ಓಡಾಡುತ್ತೇನೆ, ಹಾಗಾಗಿ ಈ ಪ್ರಶ್ನೆ ನನಗೆ ಪ್ರತಿ ಭಾನುವಾರ ಎದುರಾಗುತ್ತೆ.

ಯಾರಿದ್ದರು

1948ರ ಆ ತಂಡದಲ್ಲಿ ರಾಮನ್ ಒಬ್ಬರೇ ಇರಲಿಲ್ಲ. ಗೋಲ್‌ಕೀಪರ್ ಕೆಂಚಪ್ಪ ವರದರಾಜ್, ಹಾಫ್ ಬ್ಯಾಕ್ ಬಷೀರ್, ಮುಂದೆ ಆಡುವ ಅಹ್ಮದ್ ಖಾನ್, ಧನರಾಜ್, ಇವರೆಲ್ಲ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು. ಇಡೀ ದೇಶದಿಂದ ಆರಿಸಿದ ಒಂದು ತಂಡದಲ್ಲಿ ಒಂದೇ ಊರಿನಿಂದ ಇಷ್ಟು ಜನ.

ಇದು ಒಂದು ಸಲ ಅದೃಷ್ಟಕ್ಕೆ ಆದದ್ದಲ್ಲ. 1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಅಲ್ಲಿಯವರೆಗೆ ಆ ಕಪ್ ಬ್ರಿಟಿಷ್ ಪಲ್ಟನ್‌ಗಳ ಸ್ವತ್ತೇ ಆಗಿತ್ತು, ಭಾರತೀಯರ ಒಂದು ತಂಡ ಅದನ್ನು ಎತ್ತಿದ್ದು ಅದೇ ಮೊದಲು. ಫೈನಲ್‌ನಲ್ಲಿ ಸೋತದ್ದು ಯಾರು ಗೊತ್ತಾ, ಆಗ ಕಲ್ಕತ್ತಾ ಲೀಗನ್ನು ವರ್ಷ ವರ್ಷ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. ಇನ್ನು ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಪಂದ್ಯಾವಳಿ ಸಂತೋಷ್ ಟ್ರೋಫಿ: ನಾವು ಗೆದ್ದದ್ದು ಮೈಸೂರು ಹೆಸರಿನಲ್ಲಿ 1946-47, 1952-53, 1967-68, 1968-69. ನಾಲ್ಕು ಸಲವೂ ಫೈನಲ್‌ನಲ್ಲಿ ನಮ್ಮೆದುರು ಸೋತದ್ದು ಬಂಗಾಳ. ಫುಟ್‌ಬಾಲ್ ಅಂದರೆ ಬಂಗಾಳ ಅನ್ನೋ ಕಾಲದಲ್ಲಿ!

ಆಮೇಲೆ ಕೆಂಪಯ್ಯ ಬಂದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ 4ನೇ ಸ್ಥಾನ ಪಡೆಯಿತಲ್ಲ, ಇವತ್ತಿಗೂ ನಮ್ಮ ಫುಟ್‌ಬಾಲ್‌ನ ಅತಿ ದೊಡ್ಡ ಸಾಧನೆಗಳಲ್ಲಿ ಒಂದು ಅದು, ಆ ತಂಡದಲ್ಲಿದ್ದರು. 1960ರ ರೋಮ್‌ನಲ್ಲೂ ಇದ್ದರು. ಅರುಮೈನಾಯಗಂ 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದವರು. ಕಲ್ಕತ್ತಾದ ಜನ ಅವರ ವೇಗ ನೋಡಿ ಪ್ರೀತಿಯಿಂದ 'ಬೇಬಿ ಟ್ಯಾಕ್ಸಿ' ಅಂತ ಕರೆದರು.

ಎಲ್ಲರಿಗಿಂತ ಜಾಸ್ತಿ ಹೇಳಬೇಕಾದವರು ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು, 1949ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು, ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆ, ಈ ಐವರ ಮುಂಚೂಣಿ ಸಾಲಿಗೆ ಅಲ್ಲಿನ ಅಭಿಮಾನಿಗಳು ಪಂಚಪಾಂಡವರು ಅಂತ ಹೆಸರಿಟ್ಟರು. 1949ರ ಒಂದೇ ವರ್ಷದಲ್ಲಿ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಬಾಚಿದರು. ಚೆಂಡು ಅಹ್ಮದ್ ಕಾಲಿಗೆ ಅಂಟಿಕೊಂಡು ಆಡುತ್ತಿದ್ದ ರೀತಿಗೆ 'ಹಾವಾಡಿಗ' ಅನ್ನೋ ಅಡ್ಡಹೆಸರೂ ಬಂತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನ್ ವಿರುದ್ಧ 1-0 ಗೆದ್ದು ಚಿನ್ನ ತಂದ ತಂಡದಲ್ಲಿದ್ದರು. 2017ರ ಆಗಸ್ಟ್‌ನಲ್ಲಿ ತೀರಿಕೊಂಡರು. ಕ್ರಿಕೆಟ್‌ನಲ್ಲಿ ಈ ಮಟ್ಟದ ಒಬ್ಬ ಬೆಂಗಳೂರಿಗ ಹೋಗಿದ್ದರೆ ಊರು ಹೇಗೆ ನಡೆದುಕೊಳ್ಳುತ್ತಿತ್ತು, ಸ್ವಲ್ಪ ಯೋಚನೆ ಮಾಡಿ.

ಗೌತಮಪುರದ ಪೆಲೆ

ಹಲಸೂರಿನ ಗೌತಮಪುರಕ್ಕೆ ಹೋಗಿದ್ದೀರಾ? ಹಳಬರು ಅದನ್ನು ಈಗಲೂ ಗನ್ ಟ್ರೂಪ್ಸ್ ಅಂತಾರೆ, ಬ್ರಿಟಿಷ್ ದಂಡು ಬಿಟ್ಟುಹೋದ ಹೆಸರು. ಇಕ್ಕಟ್ಟಾದ ಬೀದಿಗಳು, ಒತ್ತೊತ್ತಾದ ಮನೆಗಳು, ಮನೆಯಲ್ಲಿ ತಮಿಳು ಮಾತಾಡುವ ಜನ, ಮತ್ತು ಎಲ್ಲಿ ನೋಡಿದರೂ ಫುಟ್‌ಬಾಲ್. ವಿಶ್ವಕಪ್ ಬಂತೆಂದರೆ ಬೀದಿ ತುಂಬ ಬ್ರೆಜಿಲ್‌ನ ಹಳದಿ, ಹಸಿರು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆ ಪ್ರತಿಮೆಯೂ ಇದೆ. ಕಾಲ ಹತ್ತಿರ ಚೆಂಡು ಇಟ್ಟುಕೊಂಡು ನಿಂತಿದ್ದಾರೆ.

ಹೊರಗಿನವರು ಬಂದು ಫೋಟೋ ತೆಗೆದುಕೊಂಡು 'ಮಿನಿ ಬ್ರೆಜಿಲ್' ಅಂತ ಬರೆದು ಹೋಗುತ್ತಾರೆ. ನನಗೆ ಆ ಪ್ರತಿಮೆಗಳ ಸಾಲು ಬೇರೆ ಏನೋ ಹೇಳುತ್ತೆ. ಬಡತನದಲ್ಲಿ ಹುಟ್ಟಿದ ಒಬ್ಬ ಕಪ್ಪು ಹುಡುಗ ಜಗತ್ತೇ ತಿರುಗಿ ನೋಡುವಂತೆ ಬೆಳೆದದ್ದನ್ನು ಆ ಬೀದಿಯ ಜನ ಅಂಬೇಡ್ಕರ್ ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಹೀರೋ ಅಂದರೆ ಯಾತಕ್ಕೆ ಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ "ಪೆಲೆ ಯಾಕೆ, ನಮ್ಮವರ ಪ್ರತಿಮೆ ಇಡಿ" ಅನ್ನುವ ಜಗಳಕ್ಕೆ ನಾನು ಬರಲ್ಲ. ಪೆಲೆ ಅಲ್ಲೇ ಇರಲಿ.

ಆದರೆ ಪೆಲೆ ಮೊದಲ ವಿಶ್ವಕಪ್ ಆಡಿದ್ದು 1958ರಲ್ಲಿ. ಅಷ್ಟರಲ್ಲಾಗಲೇ ಈ ಊರಿನ ದಂಡು ಪ್ರದೇಶದ ಗಲ್ಲಿಗಳಿಂದ ಹೊರಟವರು ಮೂರು ಒಲಿಂಪಿಕ್ಸ್ ಆಡಿ ಬಂದಿದ್ದರು. ಪೆಲೆ ಗೊತ್ತಿರುವ ಹುಡುಗನಿಗೆ ಇದೂ ಗೊತ್ತಿರಬೇಕು. ಪೆಲೆ ಅವನಿಗೆ ಆಕಾಶ ತೋರಿಸುತ್ತಾರೆ. ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ತೋರಿಸೋಕೆ ಇದೇ ಮಣ್ಣಿನಲ್ಲಿ ಆಡಿದವರೇ ಬೇಕು.

ಮರೆತದ್ದು ಹೇಗೆ

"ಕ್ರಿಕೆಟ್ ಬಂತು, ಎಲ್ಲ ನುಂಗಿತು" ಅನ್ನೋದು ಸುಲಭದ ಉತ್ತರ. 1983ರ ನಂತರ ಅದು ಸ್ವಲ್ಪ ಮಟ್ಟಿಗೆ ನಿಜವೇ. ಆದರೆ ಮರೆವು ಅದಕ್ಕಿಂತ ತುಂಬ ಮೊದಲೇ ಶುರುವಾಗಿತ್ತು.

ಮೊದಲನೆಯದಾಗಿ, ಆಟಗಾರರು ಹೊಟ್ಟೆಪಾಡಿಗೆ ಊರು ಬಿಟ್ಟರು. ಫುಟ್‌ಬಾಲ್‌ನಿಂದ ಬದುಕಬೇಕು ಅಂದರೆ ಕಲ್ಕತ್ತಾಕ್ಕೆ ಹೋಗಲೇಬೇಕಿತ್ತು, ಇಲ್ಲ ಬಾಂಬೆಗೆ. ಅಹ್ಮದ್, ಧನರಾಜ್, ಆಮೇಲೆ ಕೆಂಪಯ್ಯ, ಅರುಮೈನಾಯಗಂ ಎಲ್ಲರೂ ಹೆಸರು ಮಾಡಿದ್ದು ಕಲ್ಕತ್ತಾ ಮೈದಾನದಲ್ಲಿ. ಅವರ ಬಗ್ಗೆ ಬರೆದದ್ದು ಬಂಗಾಳಿ ಪತ್ರಿಕೆಗಳು, ಅವರ ಆಟ ಕಣ್ಣಾರೆ ಕಂಡದ್ದು ಬಂಗಾಳದ ಜನ. ಈಸ್ಟ್ ಬೆಂಗಾಲ್ ಅಭಿಮಾನಿಗಳು ಇಂದಿಗೂ ಪಂಚಪಾಂಡವರ ಹೆಸರನ್ನು ಬಾಯಿಪಾಠ ಹೇಳುತ್ತಾರೆ. ನೆನಪು ಉಳಿದಿದೆ, ಇಲ್ಲಿ ಉಳಿದಿಲ್ಲ ಅಷ್ಟೇ.

ಎರಡನೆಯದು ಹೇಳೋಕೆ ಸ್ವಲ್ಪ ಕಷ್ಟ, ಆದರೂ ಹೇಳಬೇಕು. ಬೆಂಗಳೂರು ಆಗ ಎರಡು ಊರು. ಒಂದು ಕಡೆ ಮಹಾರಾಜರ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ಎರಡಕ್ಕೂ ಬೇರೆ ಬೇರೆ ಆಡಳಿತ, 1949ರಲ್ಲಿ ಒಂದೇ ನಗರಪಾಲಿಕೆ ಆಗುವವರೆಗೂ. ಫುಟ್‌ಬಾಲ್ ಹೆಚ್ಚಾಗಿ ಬೆಳೆದದ್ದು ದಂಡಿನ ಕಡೆ, ಸೈನಿಕರು ಆಡುವುದನ್ನು ನೋಡಿ ಕಲಿತ ಬಡ ಕುಟುಂಬಗಳ ಹುಡುಗರ ನಡುವೆ. ಅವರ ಮನೆಮಾತು ತಮಿಳು, ಉರ್ದು. ಕನ್ನಡದಲ್ಲಿ ಊರಿನ ಚರಿತ್ರೆ ಬರೆದವರು ಪೇಟೆ, ಕೋಟೆ, ಕೆರೆ, ಅರಮನೆ ಬಗ್ಗೆ ಪ್ರೀತಿಯಿಂದ ಬರೆದರು. ಗನ್ ಟ್ರೂಪ್ಸ್ ಬಗ್ಗೆ ಬರೆದವರು ಕಡಿಮೆ. ನಾವು ಕನ್ನಡದಲ್ಲಿ ಬರೆಯುವವರು ಈ ಆಟಗಾರರನ್ನು ನಮ್ಮವರು ಅಂದುಕೊಳ್ಳೋಕೆ ತುಂಬ ತಡ ಮಾಡಿದೆವು ಅಂತ ನನಗೆ ಅನಿಸುತ್ತೆ. ಮೈಸೂರು ಅನ್ನೋ ಹೆಸರು ತೊಟ್ಟು ಆಡಿ ನಾಲ್ಕು ಸಲ ಬಂಗಾಳವನ್ನು ಸೋಲಿಸಿದವರು ನಮ್ಮವರಲ್ಲದೆ ಇನ್ಯಾರು?

ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ, ಯಾಕೆಂದರೆ ಇದು ನೇರವಾಗಿ ಹುಡುಗರಿಗೆ ಸಂಬಂಧಪಟ್ಟದ್ದು. ವಿಮಾನ ಮಾಡುವ ಎಚ್‌ಎಎಲ್, ಟೆಲಿಫೋನ್ ಮಾಡುತ್ತಿದ್ದ ಐಟಿಐ ತರದ ಕಾರ್ಖಾನೆಗಳು ಫುಟ್‌ಬಾಲ್ ತಂಡ ಕಟ್ಟಿದ್ದ ಕಾಲ ಅದು. ಚೆನ್ನಾಗಿ ಆಡಿದರೆ ಕೆಲಸ. ಅಂದರೆ ದೊಡ್ಡ ಆಟಗಾರನೊಬ್ಬ ಕಾರ್ಖಾನೆ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಸಂಜೆ ಪ್ರಾಕ್ಟೀಸಿನಲ್ಲಿ ಕಣ್ಣಿಗೆ ಬೀಳುತ್ತಿದ್ದ. "ಅವರ ಹಾಗೆ ಆಡಿದರೆ ನಿನಗೂ ಅಲ್ಲಿ ನೌಕರಿ" ಅಂತ ಅಮ್ಮಂದಿರೇ ಹೇಳುತ್ತಿದ್ದರು. ಹೀರೋ ಕಥೆಗೂ ಮನೆಯ ಅನ್ನಕ್ಕೂ ನಂಟು ಇತ್ತು. ಆಟಗಾರರಿಗೆ ಕೆಲಸ ಕೊಡುವುದು ಕಡಿಮೆಯಾದ ಮೇಲೆ, ತಂಡಗಳು ಸೊರಗಿದ ಮೇಲೆ, ಆ ಕಥೆ ಹೇಳೋಕೆ ಕಾರಣವೇ ಉಳಿಯಲಿಲ್ಲ. ಅಪ್ಪ ಹೇಳಿದರೂ ಮಗ "ಅದರಿಂದ ಏನಾಯ್ತು?" ಅಂತ ಕೇಳಿದರೆ ಉತ್ತರ ಇಲ್ಲ.

ಇನ್ನು ವಿಡಿಯೋ ವಿಷಯ. ಅಹ್ಮದ್ ಖಾನ್ ಡ್ರಿಬ್ಲಿಂಗ್ ಮೊಬೈಲಿನಲ್ಲಿ ಹುಡುಕಿ ನೋಡೋಣ ಅಂದರೆ ಮೆಸ್ಸಿಗೆ ಸಿಗುವಂತೆ ಸಿಗಲ್ಲ. ಇವತ್ತಿನ ಮಕ್ಕಳು ಕಣ್ಣಿಂದ ಕಲಿಯುತ್ತಾರೆ. ನಾವು ಅವರಿಗೆ ಕೊಡೋಕೆ ಇರುವುದು ಮಾತು, ನಾಲ್ಕು ಕಪ್ಪು ಬಿಳುಪು ಫೋಟೋ.

ಅದೇ ತಂಡದ ಇನ್ನೊಬ್ಬರನ್ನು ನೋಡಿ

1948ರ ತಂಡದ ನಾಯಕ ತಾಲಿಮೆರೆನ್ ಆವೊ, ನಾಗಾ ಬೆಟ್ಟಗಳ ಚಾಂಕಿ ಊರಿನವರು. ಕಲ್ಕತ್ತಾದಲ್ಲಿ ವೈದ್ಯಕೀಯ ಓದಿದರು, ಮೋಹನ್ ಬಗಾನ್‌ಗೆ ಆಡಿದರು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದ ಬಾವುಟ ಹಿಡಿದು ನಡೆದರು. ಆಮೇಲೆ ಊರಿಗೆ ಹೋಗಿ ಡಾಕ್ಟರಾಗಿ ಕೆಲಸ ಮಾಡಿದರು. ಅವರ ಹೆಸರಿನಲ್ಲಿ ಈಶಾನ್ಯ ರಾಜ್ಯಗಳ ನಡುವೆ ಡಾಕ್ಟರ್ ಟಿ. ಆವೊ ಟ್ರೋಫಿ 2009ರಲ್ಲಿ ಶುರುವಾಯಿತು, 2018ರಲ್ಲಿ ಅಂಚೆಚೀಟಿ ಬಂತು. ನಾಗಾಲ್ಯಾಂಡಿನಲ್ಲಿ ಅವರ ಹೆಸರು ಕೇಳದ ಆಟಗಾರ ಸಿಗೋದು ಕಷ್ಟ.

ಅದೇ ಪಂದ್ಯ, ಅದೇ ಮೈದಾನ. ನಾಯಕನನ್ನು ಅವರ ನಾಡು ಎತ್ತಿ ಹಿಡಿಯಿತು, ಗೋಲು ಹೊಡೆದವರನ್ನು ಅವರ ನಾಡು ಕೈಬಿಟ್ಟಿತು. ವ್ಯತ್ಯಾಸ ಎಲ್ಲಿದೆ? ಆವೊ ಊರಿಗೆ ವಾಪಸ್ ಬಂದು ಜನರ ನಡುವೆ ಬದುಕಿದರು, ಅದು ಒಂದು. ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸೋದು ಆ ಟ್ರೋಫಿ. ಪ್ರತಿಮೆಗೆ ವರ್ಷಕ್ಕೊಂದು ಹಾರ. ಪಂದ್ಯಾವಳಿ ಅಂದರೆ ಹುಡುಗರು ಆ ಹೆಸರಿನ ಕೆಳಗೆ ಓಡಬೇಕು, ಬೆವರಬೇಕು, ಆ ಹೆಸರಿರುವ ಕಪ್ ಮನೆಗೆ ತಂದು ಅಜ್ಜನಿಗೆ ತೋರಿಸಬೇಕು. ಹೆಸರು ಬಾಯಲ್ಲಿ ಓಡಾಡುವುದು ಹಾಗೆ.

ಹುಡುಗರಿಗೆ ಯಾವ ಕಥೆ

ಇಲ್ಲಿ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ನಾವು ಮಕ್ಕಳಿಗೆ ಗೆದ್ದ ಕಥೆ ಮಾತ್ರ ಹೇಳುತ್ತೇವೆ. ಚಿನ್ನ, ಕಪ್, ಮೆರವಣಿಗೆ. ಅದು ಅವರ ಕಿವಿಗೆ ಹೋಗಿ ಅಲ್ಲೇ ಆರಿಹೋಗುತ್ತೆ, ಯಾಕೆಂದರೆ ಅವರು ದಿನಾ ಆಡುವ ಆಟದಲ್ಲಿ ಇರೋದು ಹೆಚ್ಚಾಗಿ ಸೋಲು, ಬೆಂಚು, ಹರಿದ ಶೂ.

ನಾನು ಹೇಳೋದು 1952ರ ಹೆಲ್ಸಿಂಕಿ ಕಥೆ. ಎದುರಾಳಿ ಯುಗೊಸ್ಲಾವಿಯಾ, ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ಚಳಿಯ ಊರು, ನಮ್ಮವರಲ್ಲಿ ಎಷ್ಟೋ ಜನ ಬರಿಗಾಲು. ಅವರ ಬ್ರಾಂಕೊ ಝೆಬೆಕ್ ಒಬ್ಬನೇ ನಾಲ್ಕು ಗೋಲು ಹೊಡೆದ. ಭಾರತ 10-1ರಲ್ಲಿ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು, ಬಂದದ್ದು 89ನೇ ನಿಮಿಷದಲ್ಲಿ. ಈ ಸೋಲಾದ ಮೇಲೆಯೇ ಭಾರತದ ಫುಟ್‌ಬಾಲ್ ಸಂಸ್ಥೆ ಬೂಟು ಹಾಕಿ ಆಡುವುದನ್ನು ಕಡ್ಡಾಯ ಮಾಡಿತು.

ಮೊದಲ ಸಲ ಇದನ್ನು ಹೇಳಿದಾಗ ಹುಡುಗರು 10-1 ಅಂತ ಕೇಳಿ ಜೋರಾಗಿ ನಕ್ಕರು. ನಗಲಿ, ಮಕ್ಕಳು ತಾನೇ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಕೇಳಿದ, "ಅಣ್ಣಾ, ಹತ್ತು ಗೋಲು ತಿಂದಮೇಲೂ ಅವರು ಮುಂದೆ ಓಡ್ತಾ ಇದ್ರಾ?" ಹೂಂ ಅಂದೆ. "ಯಾಕೆ?" ಅಂದ. ನಾನು ಉತ್ತರ ಕೊಡಲಿಲ್ಲ, ಬೇರೆ ಹುಡುಗರೇ ಕೊಡೋಕೆ ಶುರು ಮಾಡಿದರು. ಒಬ್ಬ "ಒಂದಾದ್ರೂ ಹೊಡೀಬೇಕಲ್ವಾ" ಅಂದ, ಇನ್ನೊಬ್ಬ "ಮುಂದಿನ ಮ್ಯಾಚಿಗೆ ಟೀಮಲ್ಲಿ ಇರ್ಬೇಕಲ್ಲ" ಅಂದ, ಬೂಟಿಲ್ಲದೆ ಆ ಚಳಿಯಲ್ಲಿ ಹೇಗೆ ಅಂತ ಮತ್ತೊಬ್ಬನಿಗೆ ಚಿಂತೆ. ಅವತ್ತಿನಿಂದ ಎಲ್ಲ ಬದಲಾಯಿತು ಅಂತ ನಾನು ಹೇಳಲ್ಲ. ಆದರೆ ಅಹ್ಮದ್ ಖಾನ್ ಅನ್ನೋ ಹೆಸರನ್ನು ಅವರು ಮರೆತಿಲ್ಲ, ನಾಲ್ಕು ಗೋಲು ಹಿಂದೆ ಬಿದ್ದಾಗ ತಲೆ ತಗ್ಗಿಸಿ ನಡೆಯುವವನಿಗೆ ಬೇರೆಯವರೇ "ಅಹ್ಮದ್ ಖಾನ್, ಅಹ್ಮದ್ ಖಾನ್" ಅಂತ ಕೂಗುತ್ತಾರೆ.

ಹಾಗೆಯೇ 1948ರ ಆ ಎರಡು ಪೆನಾಲ್ಟಿ. ತಪ್ಪಿಸಿದವರಲ್ಲಿ ಒಬ್ಬರು ಸೈಲೆನ್ ಮನ್ನಾ. ಮೂರು ವರ್ಷ ಕಳೆದು ಅದೇ ಮನ್ನಾ ನಾಯಕರಾಗಿ ಏಷ್ಯನ್ ಗೇಮ್ಸ್ ಚಿನ್ನ ಎತ್ತಿದರು. ಪೆನಾಲ್ಟಿ ತಪ್ಪಿಸಿ ಅಳುತ್ತಾ ಕೂತ ಹುಡುಗನಿಗೆ ಇದಕ್ಕಿಂತ ಒಳ್ಳೆ ಕಥೆ ನನಗಂತೂ ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ. ಸುಳ್ಳು ಸೇರಿಸಬೇಡಿ. "ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ, ಅದಕ್ಕೆ 1950ರ ವಿಶ್ವಕಪ್ ಬಿಟ್ಟೆವು" ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ಆಗ ನಮ್ಮ ಸಂಸ್ಥೆ ಕೊಟ್ಟ ಕಾರಣ ಅದಲ್ಲ, ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದು ಅನ್ನೋದು. ಹುಡುಗರು ಆಮೇಲೆ ದೊಡ್ಡವರಾಗಿ ಓದಿ ಇದು ಸುಳ್ಳು ಅಂತ ಕಂಡುಕೊಂಡರೆ, ನಾವು ಹೇಳಿದ ನಿಜಗಳನ್ನೂ ನಂಬಲ್ಲ. ನಿಜವೇ ಸಾಕಷ್ಟು ದೊಡ್ಡದಾಗಿದೆ.

ಈಗ ಏನು

2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ. ಕರ್ನಾಟಕ ಅನ್ನೋ ಹೆಸರಿನಲ್ಲಿ ಅದೇ ಮೊದಲು, ಹಿಂದಿನ ನಾಲ್ಕೂ ಮೈಸೂರಿನ ಲೆಕ್ಕದಲ್ಲಿ ಇರುವಂಥವು. ಎಲ್ಲ ಪತ್ರಿಕೆಗಳೂ 1968-69ರ ಗೆಲುವನ್ನು ಒಂದು ಸಾಲಿನಲ್ಲಿ ನೆನೆದವು. ಆ ಒಂದು ಸಾಲಿನ ಹಿಂದಿನ ಹನ್ನೊಂದು ಜನರ ಹೆಸರು ಹೇಳೋಕೆ ಅದಕ್ಕಿಂತ ಒಳ್ಳೆ ಸಂದರ್ಭ ಸಿಕ್ಕುತ್ತಿತ್ತಾ? ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ದೇಶದ ಕ್ಲಬ್ ಲೀಗ್‌ಗಳಾದ ಐ-ಲೀಗ್ ಎರಡು ಸಲ, ಐಎಸ್‌ಎಲ್ ಒಂದು ಸಲ ಗೆದ್ದು ಕಂಠೀರವದಲ್ಲಿ ಸಾವಿರಾರು ಜನರನ್ನು ಕೂರಿಸಿದೆ. ಆ ಸ್ಟ್ಯಾಂಡಿನಲ್ಲಿ ಕೂಗುವ ಯುವಕರಿಗೆ ಊರಿನ ಫುಟ್‌ಬಾಲ್ 2013ರಿಂದ ಶುರುವಾಯಿತು ಅನಿಸಿದರೆ ಅದು ನಮ್ಮ ಸೋಲು.

ನನ್ನ ಪ್ರಕಾರ ದೊಡ್ಡ ಖರ್ಚಿನ ಕೆಲಸ ಯಾವುದೂ ಬೇಕಿಲ್ಲ. ಬಡಾವಣೆ ಮಟ್ಟದಲ್ಲಿ ವರ್ಷ ವರ್ಷ ನಡೆಯುವ, ತಂಡಕ್ಕೆ ಐದೇ ಜನ ಆಡುವ ಫೈವ್-ಎ-ಸೈಡ್ ಟೂರ್ನಿಗಳಿಗೆ ಈಗ ಸಿಗುವ ಹೆಸರು ಸಾಮಾನ್ಯವಾಗಿ ಪ್ರಾಯೋಜಕರದು, ಇಲ್ಲ ಸ್ಥಳೀಯ ಮುಖಂಡರದು. ಅದರಲ್ಲಿ ಹದಿಮೂರರ ಒಳಗಿನ ಮಕ್ಕಳ ಕಪ್ಪಿಗಾದರೂ ರಾಮನ್ ಹೆಸರಿಡಿ, ಅತ್ಯುತ್ತಮ ಗೋಲ್‌ಕೀಪರ್ ಬಹುಮಾನಕ್ಕೆ ವರದರಾಜ್ ಹೆಸರಿಡಿ, ಚೆನ್ನಾಗಿ ಡ್ರಿಬಲ್ ಮಾಡಿದವನಿಗೆ, ಅವಳಿಗೆ ಅಹ್ಮದ್ ಖಾನ್ ಹೆಸರಿನ ಬಹುಮಾನ ಕೊಡಿ. ಬಹುಮಾನ ಕೊಡುವ ಮುಂಚೆ ಮೈಕಿನಲ್ಲಿ ಅವರು ಯಾರು ಅಂತ ಎರಡೇ ನಿಮಿಷ ಹೇಳಿ, ಕನ್ನಡದಲ್ಲೂ ತಮಿಳಿನಲ್ಲೂ ಉರ್ದುವಿನಲ್ಲೂ. ಮತ್ತೆ ಹುಡುಗಿಯರನ್ನು ಮರೆಯಬೇಡಿ, ಈಗ ಮೈದಾನಕ್ಕೆ ಬರುವವರಲ್ಲಿ ಅವರೂ ಇದ್ದಾರೆ, ಈ ಪರಂಪರೆ ಅವರದೂ ಹೌದು.

ಬೇಗ ಆಗಬೇಕಾದ ಕೆಲಸ ಮಾತ್ರ ಒಂದಿದೆ. ಕಾರ್ಖಾನೆ ತಂಡಗಳಿಗೆ, ಮೈಸೂರು ತಂಡಕ್ಕೆ ಆಡಿದವರಲ್ಲಿ ಉಳಿದಿರುವವರಿಗೆ ಈಗ ತುಂಬ ವಯಸ್ಸಾಗಿದೆ. ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರ, ಕೆಜಿಎಫ್ ಕಡೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ತಾತ ಇದ್ದರೆ ಹತ್ತಿರ ಕೂತು ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಯಾವ ಮೈದಾನದಲ್ಲಿ ಆಡುತ್ತಿದ್ದಿರಿ, ಕೋಚ್ ಯಾರು, ಬೂಟು ಎಲ್ಲಿಂದ ಬಂತು, ಸಂಬಳ ಎಷ್ಟು, ಎಲ್ಲ ಕೇಳಿ. ಗೋಡೆ ಮೇಲೆ ತಂಡದ ಹಳೇ ಗುಂಪು ಫೋಟೋ ಇದ್ದರೆ ಕೆಳಗಿಳಿಸಿ, ನಿಂತವರು, ಕೂತವರು ಯಾರ್ಯಾರು ಅಂತ ಎಡದಿಂದ ಬಲಕ್ಕೆ ಒಂದೊಂದೇ ಹೆಸರು ಕೇಳಿಕೊಂಡು, ಯಾವ ವರ್ಷದ್ದು ಅಂತ ಸೇರಿಸಿ, ಪೆನ್ಸಿಲಿನಲ್ಲಿ ಹಿಂದೆ ಬರೆದಿಡಿ. ಇದನ್ನು ಈ ವಾರವೇ ಮಾಡಿ.